ಕೇಳದೆ ಬಳಸಿದ ವಿಜ್ಞಾನ ಚಿತ್ರ: ಹಕ್ಕುಸ್ವಾಮ್ಯದ ತಕರಾರನ್ನು ಹಂತ ಹಂತವಾಗಿ ನಡೆಸುವುದು ಹೇಗೆ

ಅಂಗರಚನೆಯ ಚಿತ್ರಗಳು, ಕೀಟ ಮತ್ತು ಸಸ್ಯಗಳ ರೇಖಾಚಿತ್ರಗಳು, ಪಳೆಯುಳಿಕೆಗಳ ಆಧಾರದ ಮೇಲೆ ಮರುರೂಪಿಸಿದ ಪ್ರಾಣಿಗಳು, ಜೀವಕೋಶದೊಳಗಿನ ನೋಟಗಳು ಮುಂತಾದವನ್ನು ರಚಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ತಮ್ಮ ಚಿತ್ರ ತಮಗೆ ತಿಳಿಯದಂತೆ ಯಾರದೋ ಪುಸ್ತಕದಲ್ಲಿ, ಜಾಲತಾಣದಲ್ಲಿ, ಅಂಗಿಯ ಮೇಲೆ ಅಥವಾ ಸಂಶೋಧನ ಪ್ರಬಂಧದಲ್ಲಿ ಕಾಣಿಸಿಕೊಂಡರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರವಾಗಿ ಮಾಡಬೇಕಾದ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ವಿವರಿಸಲಾಗಿದೆ. ಕ್ರಮಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಇಂತಹ ತಕರಾರುಗಳಲ್ಲಿ ನ್ಯಾಯ ತಮ್ಮ ಕಡೆ ಇದ್ದೂ ಸೋಲುವವರು ಸಾಮಾನ್ಯವಾಗಿ ಸೋಲುವುದು ಮೊದಲ ಮೂರು ಹಂತಗಳನ್ನು ಬಿಟ್ಟು ನೇರವಾಗಿ ಪತ್ರ ಬರೆಯಲು ಕುಳಿತುದರಿಂದ.

ಮೊದಲು ಕೆಲವು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಕ್ಕುಸ್ವಾಮ್ಯ ಅಥವಾ ಕಾಪಿರೈಟ್ ಎಂದರೆ ಕೃತಿಯನ್ನು ನಕಲು ಮಾಡುವ, ಪ್ರಕಟಿಸುವ, ಮಾರ್ಪಡಿಸುವ ಮತ್ತು ಹಾಗೆ ಮಾಡಲು ಇತರರಿಗೆ ಅನುಮತಿ ಕೊಡುವ ಹಕ್ಕು. ಪರವಾನಗಿ ಅಥವಾ ಲೈಸೆನ್ಸ್ ಎಂದರೆ ಹಕ್ಕನ್ನು ನೀವೇ ಇಟ್ಟುಕೊಂಡು, ನಿರ್ದಿಷ್ಟ ಬಳಕೆಗೆ ಮಾತ್ರ ಕೊಡುವ ಅನುಮತಿ. ಹಕ್ಕಿನ ವರ್ಗಾವಣೆ ಎಂದರೆ ಹಕ್ಕನ್ನೇ ಬೇರೆಯವರಿಗೆ ಬರೆದುಕೊಡುವುದು. ಒಮ್ಮೆ ಹಾಗೆ ಬರೆದುಕೊಟ್ಟರೆ ದೂರು ಕೊಡುವ ಅಧಿಕಾರವೂ ಅದರ ಜೊತೆಗೇ ಹೋಗುತ್ತದೆ. ಸಾರ್ವಜನಿಕ ಸ್ವತ್ತು ಎಂದರೆ ಹಕ್ಕಿನ ಅವಧಿ ಮುಗಿದ ಅಥವಾ ಹಕ್ಕೇ ಇಲ್ಲದ ಕೃತಿ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಚಿತ್ರದ ಮೂಲ ಕಡತ, ಸಾಧ್ಯವಾದರೆ ಪದರಗಳ ಸಮೇತ. ಪೆನ್ಸಿಲ್ ಕರಡುಗಳು ಮತ್ತು ಅವುಗಳ ದಿನಾಂಕ. ಚಿತ್ರವನ್ನು ಮೊದಲು ಪ್ರಕಟಿಸಿದ ಸ್ಥಳದ ವಿವರ. ಚಿತ್ರಕ್ಕೆ ಸಂಬಂಧಿಸಿದ ಎಲ್ಲ ಒಪ್ಪಂದಗಳು ಮತ್ತು ಇಮೇಲ್‌ಗಳು. ಇವು ಒಂದೇ ಕಡೆ ಇರಲಿ.

1. ಪುರಾವೆಯನ್ನು ಮೊದಲು ಭದ್ರಪಡಿಸಿ

ನಿಮ್ಮ ಚಿತ್ರವನ್ನು ಕಂಡ ತಕ್ಷಣ ಯಾರನ್ನೂ ಸಂಪರ್ಕಿಸಬೇಡಿ. ಸಾಮಾಜಿಕ ಜಾಲತಾಣದಲ್ಲಿ ಸಿಟ್ಟಿನಿಂದ ಬರೆದ ಒಂದು ಸಾಲು ಸಾಕು, ಎದುರಿನವರು ಪುಟವನ್ನು ಅಳಿಸಿ, ಅಂಥದ್ದೇನೂ ನಡೆದೇ ಇಲ್ಲ ಎನ್ನಬಹುದು. ಪುಟದ ಪೂರ್ಣ ವಿಳಾಸ ಮತ್ತು ದಿನಾಂಕ ಕಾಣುವಂತೆ ಪರದೆಚಿತ್ರ ತೆಗೆದುಕೊಳ್ಳಿ, ಪುಟವನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ, ಚಿತ್ರದ ಕಡತದ ನೇರ ವಿಳಾಸವನ್ನೂ ಬರೆದುಕೊಳ್ಳಿ. ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್‌ನಲ್ಲಿ ಪುಟವನ್ನು ಆಗಲೇ ಉಳಿಸುವ ಸೌಲಭ್ಯವಿದೆ. ನೀವೇ ತೆಗೆದ ಪರದೆಚಿತ್ರವನ್ನು ತಿದ್ದಲಾಗಿದೆ ಎಂದು ಯಾರಾದರೂ ಹೇಳಬಹುದು, ಮೂರನೆಯವರು ಉಳಿಸಿದ ಪ್ರತಿಯ ಬಗ್ಗೆ ಹಾಗೆ ಹೇಳುವುದು ಕಷ್ಟ. ಮುದ್ರಿತ ಪುಸ್ತಕವಾದರೆ ಒಂದು ಪ್ರತಿಯನ್ನು ಕೊಂಡು ರಶೀದಿ ಇಟ್ಟುಕೊಳ್ಳಿ ಮತ್ತು ಪ್ರಕಾಶಕರ ವಿವರ, ಮುದ್ರಣದ ವರ್ಷ, ಐಎಸ್‌ಬಿಎನ್ ಸಂಖ್ಯೆಗಳಿರುವ ಪುಟವನ್ನೂ ಚಿತ್ರವಿರುವ ಪುಟವನ್ನೂ ಸ್ಕ್ಯಾನ್ ಮಾಡಿಕೊಳ್ಳಿ.

ಒಂದು ಕಡೆ ಸಿಕ್ಕ ಚಿತ್ರ ಇನ್ನೂ ಹಲವು ಕಡೆ ಇರುವುದು ಸಾಮಾನ್ಯ. ಗೂಗಲ್ ಲೆನ್ಸ್, ಟಿನ್‌ಐ, ಬಿಂಗ್ ಮುಂತಾದ ಚಿತ್ರ ಶೋಧಗಳಲ್ಲಿ ಒಂದನ್ನೇ ನಂಬದೆ ಎರಡು ಮೂರನ್ನು ಬಳಸಿ. ಪೂರ್ಣ ಚಿತ್ರದ ಜೊತೆಗೆ ಅದನ್ನು ಕನ್ನಡಿಬಿಂಬದಂತೆ ಎಡಬಲ ತಿರುಗಿಸಿದ ರೂಪವನ್ನೂ ಒಂದೊಂದೇ ಭಾಗವನ್ನು ಕತ್ತರಿಸಿದ ರೂಪವನ್ನೂ ಹುಡುಕಿ. ನಕಲು ಮಾಡುವವರು ಮೊದಲು ಮಾಡುವ ಬದಲಾವಣೆ ಹೆಚ್ಚಾಗಿ ಈ ತಿರುಗಿಸುವುದೇ. ಹೃದಯದ ಚಿತ್ರವನ್ನು ಹಾಗೆ ತಿರುಗಿಸಿದಾಗ ಮಹಾಪಧಮನಿಯ ಕಮಾನು ಬಲಕ್ಕೆ ಬಾಗಿ, ಅಂಗರಚನೆಯೇ ತಪ್ಪಾಗಿಬಿಡುತ್ತದೆ. ಆ ತಪ್ಪು ಮುಂದೆ ನಿಮಗೆ ಒಳ್ಳೆಯ ಸಾಕ್ಷಿಯಾಗುತ್ತದೆ.

ಇದರ ಜೊತೆಗೆ ಚಿತ್ರದ ಮೆಟಾಡೇಟಾ, ಅಂದರೆ ಕಡತದೊಳಗೆ ಅಡಗಿರುವ ರಚನಕಾರರ ಹೆಸರು ಮತ್ತು ಹಕ್ಕಿನ ಸೂಚನೆ, ನಕಲಿನಲ್ಲಿ ಉಳಿದಿದೆಯೇ ಎಂದು ನೋಡಿ. ಅನೇಕ ಜಾಲತಾಣಗಳು ಚಿತ್ರವನ್ನು ಏರಿಸುವಾಗಲೇ ಇದನ್ನು ತಾವಾಗಿ ಕಳಚಿಹಾಕುತ್ತವೆ. ಆದ್ದರಿಂದ ಮೆಟಾಡೇಟಾ ಇಲ್ಲದಿರುವುದರಿಂದಲೇ ದುರುದ್ದೇಶ ಸಾಬೀತಾಗುವುದಿಲ್ಲ. ಆದರೆ ಮೂಲೆಯಲ್ಲಿದ್ದ ನಿಮ್ಮ ಸಹಿಯನ್ನು ಬಣ್ಣ ಬಳಿದು ಮುಚ್ಚಿದ್ದರೆ ಅದು ಬೇರೆಯೇ ಮಾತು. ಅಮೆರಿಕದ ಕಾನೂನಿನಲ್ಲಿ ಹಕ್ಕಿನ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತೆಗೆದುಹಾಕುವುದೇ ಪ್ರತ್ಯೇಕ ಉಲ್ಲಂಘನೆ.

2. ಹಕ್ಕು ನಿಜಕ್ಕೂ ನಿಮ್ಮ ಬಳಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ

ಚಿತ್ರ ಬಿಡಿಸಿದವರೇ ಹಕ್ಕುದಾರರು ಎಂಬುದು ಸಾಮಾನ್ಯ ನಿಯಮ. ಹಕ್ಕುಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಒಡಂಬಡಿಕೆಯಾದ 1886ರ ಬರ್ನ್ ಒಪ್ಪಂದಕ್ಕೆ ಇಂದು 180ಕ್ಕೂ ಹೆಚ್ಚು ದೇಶಗಳು ಸೇರಿವೆ. ಅದರ ಪ್ರಕಾರ ಹಕ್ಕನ್ನು ಪಡೆಯಲು ನೋಂದಣಿಯಾಗಲಿ, ವೃತ್ತದೊಳಗಿನ ಸಿ ಚಿಹ್ನೆಯಾಗಲಿ ಬೇಕಿಲ್ಲ. ಚಿತ್ರ ಕಾಗದದ ಮೇಲೆ ಅಥವಾ ಕಡತದಲ್ಲಿ ಮೂಡಿದೊಡನೆ ಹಕ್ಕೂ ಹುಟ್ಟುತ್ತದೆ. ಆದರೆ ವಿಜ್ಞಾನ ಚಿತ್ರಗಳಲ್ಲಿ ಈ ನಿಯಮಕ್ಕೆ ಹೊರತಾದ ಸಂದರ್ಭಗಳು ಬಹಳ. ಕೆಳಗಿನ ಪ್ರಶ್ನೆಗಳಿಗೆ ದಾಖಲೆಗಳನ್ನು ಎದುರಿಗಿಟ್ಟುಕೊಂಡು ಉತ್ತರಿಸಿ, ನೆನಪನ್ನು ನಂಬಬೇಡಿ.

ನೀವು ಆ ಚಿತ್ರವನ್ನು ನೌಕರಿಯ ಭಾಗವಾಗಿ ಬಿಡಿಸಿದ್ದೀರಾ? ಹಾಗಿದ್ದರೆ ಹಲವು ದೇಶಗಳಲ್ಲಿ ಮೊದಲ ಹಕ್ಕುದಾರರು ನಿಮ್ಮ ಸಂಸ್ಥೆಯೇ. ಸ್ವತಂತ್ರವಾಗಿ, ಹಣ ಪಡೆದು ಮಾಡಿಕೊಟ್ಟಿದ್ದೀರಾ? ಅಮೆರಿಕದಲ್ಲಿ ಇಂತಹ ಕೆಲಸ ಮಾಡಿಸಿದವರ ಸ್ವತ್ತಾಗಬೇಕಾದರೆ ಅದು ಕಾನೂನು ಹೆಸರಿಸಿದ ಕೆಲವು ಬಗೆಗಳಲ್ಲಿ ಒಂದಾಗಿರಬೇಕು ಮತ್ತು ಇಬ್ಬರೂ ಸಹಿ ಮಾಡಿದ ಲಿಖಿತ ಒಪ್ಪಂದ ಇರಬೇಕು. ಆ ಬಗೆಗಳಲ್ಲಿ ಪಠ್ಯಪುಸ್ತಕ, ಅಟ್ಲಾಸ್ ಮತ್ತು ಇನ್ನೊಂದು ಕೃತಿಗೆ ಪೂರಕವಾದ ಚಿತ್ರಗಳು ಸೇರಿರುವುದರಿಂದ ನಿಮ್ಮ ಒಪ್ಪಂದದ ಸಣ್ಣಕ್ಷರಗಳನ್ನು ಓದಲೇಬೇಕು. ಬೇರೆ ದೇಶಗಳಲ್ಲಿ ನಿಯಮ ಬೇರೆ.

ಚಿತ್ರ ಜರ್ನಲ್ ಲೇಖನವೊಂದರ ಭಾಗವಾಗಿ ಪ್ರಕಟವಾಗಿದೆಯೇ? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನ ಚಿತ್ರಕಾರರು ಎಡವುವುದು ಇಲ್ಲಿಯೇ. ಲೇಖಕರು ಜರ್ನಲ್‌ಗೆ ಹಕ್ಕನ್ನು ವರ್ಗಾಯಿಸುವ ಪತ್ರಕ್ಕೆ ಸಹಿ ಹಾಕುವಾಗ ಲೇಖನದಲ್ಲಿರುವ ಚಿತ್ರಗಳನ್ನೂ ಅದರಲ್ಲಿ ಸೇರಿಸಿಬಿಡುತ್ತಾರೆ. ಚಿತ್ರಕಾರರು ಆ ಪತ್ರವನ್ನು ನೋಡಿಯೇ ಇರುವುದಿಲ್ಲ. ನಿಮ್ಮದಾಗಿರುವ ಹಕ್ಕನ್ನು ನಿಮ್ಮ ಒಪ್ಪಿಗೆಯಿಲ್ಲದೆ ಲೇಖಕರು ವರ್ಗಾಯಿಸಲಾರರು ಎಂಬುದು ನಿಜ, ಆದರೆ ಅದನ್ನು ಆಮೇಲೆ ಸಾಬೀತುಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಇನ್ನು ಲೇಖನ ಮುಕ್ತ ಪ್ರವೇಶದ, ಅಂದರೆ ಯಾರು ಬೇಕಾದರೂ ಹಣ ಕೊಡದೆ ಓದಬಹುದಾದ, ಜರ್ನಲ್‌ನಲ್ಲಿ ಬಂದಿದ್ದರೆ ತೊಡಕು ಮತ್ತೊಂದು ಬಗೆಯದು. ಪ್ಲಾಸ್ ಪ್ರಕಾಶನದ ಜರ್ನಲ್‌ಗಳೂ ಸೇರಿದಂತೆ ಇಂತಹ ಅನೇಕ ಜರ್ನಲ್‌ಗಳು ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ ಪರವಾನಗಿಯಡಿ ಪ್ರಕಟಿಸುತ್ತವೆ. ಈ ಪರವಾನಗಿಯ ಪ್ರಕಾರ ಹೆಸರು ಸೂಚಿಸಿದರೆ ಯಾರು ಬೇಕಾದರೂ, ವ್ಯಾಪಾರಕ್ಕೂ, ಚಿತ್ರವನ್ನು ಬಳಸಬಹುದು ಮತ್ತು ತಿದ್ದಬಹುದು. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ನಿಮ್ಮ ಚಿತ್ರವನ್ನು ಆ ಪರವಾನಗಿಯಿಂದ ಹೊರಗಿಡಬೇಕಾದರೆ ಅದರ ಅಡಿಬರಹದಲ್ಲಿಯೇ, ಈ ಚಿತ್ರ ಸಿಸಿ ಪರವಾನಗಿಗೆ ಒಳಪಡುವುದಿಲ್ಲ, ಹಕ್ಕು ಇಂಥವರದು, ಅನುಮತಿ ಪಡೆದು ಬಳಸಿದೆ ಎಂಬ ಸಾಲು ಪ್ರಕಟಣೆಯ ಮೊದಲೇ ಸೇರಿರಬೇಕು. ಆ ಸಾಲು ಇಲ್ಲದೆ, ನೀವೂ ಒಪ್ಪಿಗೆ ಕೊಟ್ಟೇ ಚಿತ್ರ ಅಚ್ಚಾಗಿದ್ದರೆ, ಅಂಗಿಯ ಮೇಲೆ ಮುದ್ರಿಸಿ ಮಾರಿದವರಿಂದಲೂ ನೀವು ಕೇಳಬಹುದಾದದ್ದು ನಿಮ್ಮ ಹೆಸರನ್ನು ಮತ್ತು ಪರವಾನಗಿಯ ಉಲ್ಲೇಖವನ್ನು ಮಾತ್ರ.

ಕೊನೆಯ ಪ್ರಶ್ನೆ ಮುಜುಗರದ್ದು: ನಿಮ್ಮ ಚಿತ್ರದಲ್ಲಿ ಬೇರೆಯವರ ಭಾಗಗಳಿವೆಯೇ? ಸಿದ್ಧ ಚಿತ್ರಗಳ ಸಂಗ್ರಹದಿಂದ ತೆಗೆದ ಇಲಿ, ಇನ್ನೊಬ್ಬರ ಛಾಯಾಚಿತ್ರದ ಮೇಲೆ ಗೆರೆ ಎಳೆದು ಪಡೆದ ಹೊರರೇಖೆ ಇದ್ದರೆ, ಆ ಭಾಗಗಳ ಮೇಲೆ ನಿಮಗೆ ಹಕ್ಕಿಲ್ಲ. ಎದುರಿನವರ ವಕೀಲರು ಕೇಳುವ ಮೊದಲು ನೀವೇ ಕೇಳಿಕೊಳ್ಳುವುದು ಮೇಲು.

3. ಅವರು ತೆಗೆದುಕೊಂಡದ್ದು ವಿಜ್ಞಾನವನ್ನೋ ನಿಮ್ಮ ಚಿತ್ರವನ್ನೋ, ಅಳೆದು ನೋಡಿ

ಇಡೀ ತಕರಾರಿನ ತಿರುಳು ಇದೇ. ಹಕ್ಕುಸ್ವಾಮ್ಯ ಅಭಿವ್ಯಕ್ತಿಯನ್ನು ಕಾಯುತ್ತದೆ, ವಿಚಾರವನ್ನಾಗಲಿ ಸತ್ಯಾಂಶವನ್ನಾಗಲಿ ಕಾಯುವುದಿಲ್ಲ. ಬೌದ್ಧಿಕ ಸ್ವತ್ತು ಕುರಿತ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 9ನೇ ವಿಧಿ ವಿಚಾರಗಳ ವಿಷಯದಲ್ಲಿ ಇದನ್ನು ನೇರವಾಗಿ ಹೇಳುತ್ತದೆ. 1991ರ ಫೈಸ್ಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ, ಸಂಗತಿಗಳನ್ನು ಕಲೆಹಾಕಲು ಪಟ್ಟ ಶ್ರಮ ಎಷ್ಟೇ ಇದ್ದರೂ ಶ್ರಮವೊಂದರಿಂದಲೇ ಹಕ್ಕು ಹುಟ್ಟುವುದಿಲ್ಲ ಎಂದಿತು. ಮೂಳೆಗಳ ಉದ್ದವನ್ನು ಅಳೆಯಲು ವಸ್ತುಸಂಗ್ರಹಾಲಯಗಳನ್ನು ಸುತ್ತಿದವರಿಗೆ ಈ ಮಾತು ಕಹಿಯೆನಿಸುವುದು ಸಹಜ. ಹಾಗಿದ್ದರೂ ಡೈನೋಸಾರ್ ಒಂದರ ತೊಡೆಮೂಳೆಗೂ ಮೊಣಕಾಲ ಕೆಳಗಿನ ಮೂಳೆಗೂ ಇರುವ ಉದ್ದದ ಅನುಪಾತ ಯಾರ ಸ್ವತ್ತೂ ಅಲ್ಲ. ಡಿಎನ್‌ಎ ಎರಡೆಳೆಯ ಸುರುಳಿಯಾಗಿರುವುದೂ ಅಲ್ಲ. ಬೆಂಜೀನ್ ಉಂಗುರದಂತಹ ರಚನಾಸೂತ್ರವನ್ನು ಬರೆಯಲು ಇರುವ ದಾರಿಗಳೇ ಒಂದೆರಡು. ಅಲ್ಲಿ ಇಬ್ಬರ ಚಿತ್ರಗಳು ಒಂದೇ ರೀತಿ ಇದ್ದರೆ ಅದಕ್ಕೆ ಕಳ್ಳತನದ ಹೆಸರು ಸಲ್ಲದು.

ನಿಮ್ಮದಾಗಿರುವುದು ಆಯ್ಕೆಗಳು: ಯಾವ ಕೋನದಿಂದ ನೋಡಿದಿರಿ, ಬೆಳಕನ್ನು ಎತ್ತಣಿಂದ ತಂದಿರಿ, ಗೆರೆಗಳನ್ನು ಎಲ್ಲಿ ದಪ್ಪ ಮಾಡಿದಿರಿ, ಯಾವ ಬಣ್ಣ ಕೊಟ್ಟಿರಿ, ಏನನ್ನು ಬಿಟ್ಟಿರಿ, ಭಾಗಗಳನ್ನು ಹೇಗೆ ಜೋಡಿಸಿದಿರಿ. 2011ರಲ್ಲಿ ಅಮೆರಿಕದ ಪ್ರಾಚೀನಜೀವಿ ಚಿತ್ರಕಾರ ಗ್ರೆಗರಿ ಪಾಲ್, ತಾವು ರಚಿಸಿದ ಡೈನೋಸಾರ್ ಅಸ್ಥಿಪಂಜರಗಳ ಚಿತ್ರಗಳನ್ನು ಇತರ ಚಿತ್ರಕಾರರು ತಮ್ಮ ಕೆಲಸಕ್ಕೆ ತಳಹದಿಯಾಗಿ ಬಳಸಬಾರದು ಎಂದು ಬಹಿರಂಗವಾಗಿ ಕೇಳಿಕೊಂಡಾಗ ಎದ್ದ ಚರ್ಚೆ ಸುತ್ತಿದ್ದು ಇದೇ ಗೆರೆಯನ್ನು. ಕಪ್ಪು ಹೊರರೂಪದೊಳಗೆ ಬಿಳಿ ಮೂಳೆಗಳಿರುವ, ಓಡುತ್ತಿರುವ ಭಂಗಿಯ ಆ ಚಿತ್ರವನ್ನು ಗೆರೆಗೆರೆಯಾಗಿ ನಕಲು ಮಾಡುವುದು ತಪ್ಪು ಎಂಬುದರಲ್ಲಿ ಅನುಮಾನ ಹೆಚ್ಚಿಲ್ಲ. ಆದರೆ ಓಡುವ ಭಂಗಿಯನ್ನೇ ಒಬ್ಬರ ಸ್ವತ್ತೆನ್ನಲು ಬರುತ್ತದೆಯೇ? ನನ್ನ ಅಭಿಪ್ರಾಯದಲ್ಲಿ ಇಲ್ಲ; ಭಂಗಿಯೊಂದೇ ಸಮಾನವಾಗಿರುವ ತಕರಾರನ್ನು ನಂಬಿ ಹಣ ಸುರಿಯುವುದನ್ನು ನಾನು ಸಲಹೆ ಮಾಡಲಾರೆ. ಶೈಲಿಗೂ ಇದೇ ಮಾತು ಅನ್ವಯಿಸುತ್ತದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶ ನಿಮ್ಮ ಶೈಲಿಯಲ್ಲಿ ಚಿತ್ರ ಉಗುಳಿದೆ ಎಂಬ ದೂರು ದುರ್ಬಲ. ನಿಮ್ಮ ಇಂಥದೇ ಚಿತ್ರವನ್ನು ಬಹುಪಾಲು ಹಾಗೆಯೇ ಹೊರಹಾಕಿದೆ ಎಂಬ ದೂರು ಬಲವಾದದ್ದು.

ಅಳೆಯುವ ಕ್ರಮ ಸರಳವಾಗಿದೆ. ಎರಡೂ ಚಿತ್ರಗಳನ್ನು ಚಿತ್ರ ತಿದ್ದುವ ತಂತ್ರಾಂಶದಲ್ಲಿ ಬೇರೆ ಬೇರೆ ಪದರಗಳಲ್ಲಿಟ್ಟು, ಮೇಲಿನ ಪದರವನ್ನು ಅರೆಪಾರದರ್ಶಕ ಮಾಡಿ, ಎರಡು ಸ್ಥಿರ ಬಿಂದುಗಳು ಕೂಡುವಂತೆ ಅಳತೆ ಹೊಂದಿಸಿ. ಕಪ್ಪೆಯ ಹಿಂಗಾಲಿನ ಚುಕ್ಕಿಚಿತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಕಾಲಿನ ಹೊರರೇಖೆ ಹೊಂದಿಕೊಂಡರೆ ಅದೊಂದರಿಂದ ಏನೂ ಸಿದ್ಧವಾಗುವುದಿಲ್ಲ, ಏಕೆಂದರೆ ಇಬ್ಬರೂ ಒಂದೇ ಮಾದರಿಯನ್ನು ಎದುರಿಗಿಟ್ಟುಕೊಂಡು ಬಿಡಿಸಿರಬಹುದು. ಆದರೆ ತೊಡೆಯ ನೆರಳಿಗಾಗಿ ನೀವು ಇಟ್ಟ ಚುಕ್ಕಿಗಳ ಮೇಲೆಯೇ ಅವರ ಚುಕ್ಕಿಗಳೂ ಕುಳಿತಿದ್ದರೆ, ಮೂರನೆಯ ಬೆರಳಿನ ಬಳಿ ನಿಮ್ಮ ಪೆನ್ನು ಜಾರಿ ಉಳಿದ ಸಣ್ಣ ಕೊಕ್ಕೆ ಅವರಲ್ಲಿಯೂ ಇದ್ದರೆ, ಅಳತೆಪಟ್ಟಿಯ ಎಡತುದಿ ಒಂದು ಎಳೆಯಷ್ಟು ಉದ್ದವಾಗಿರುವುದು ಎರಡರಲ್ಲಿಯೂ ಕಂಡರೆ, ಅದನ್ನು ಕಾಕತಾಳೀಯ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನಕಲನ್ನು ತೋರಿಸಿಕೊಡುವುದು ನೀವು ಸರಿಯಾಗಿ ಬಿಡಿಸಿದ ಭಾಗಗಳಿಗಿಂತ ಇಂತಹ ತಪ್ಪುಗಳೇ. ಪ್ರತಿಯೊಂದು ಹೊಂದಿಕೆಯನ್ನೂ ಬಾಣದ ಗುರುತಿನಿಂದ ಸೂಚಿಸಿ, ಒಂದೇ ಪುಟದ ಹೋಲಿಕೆಪಟ್ಟಿ ಮಾಡಿಕೊಳ್ಳಿ. ಮುಂದಿನ ಎಲ್ಲ ಹಂತಗಳಲ್ಲಿಯೂ ನಿಮ್ಮ ಪರವಾಗಿ ಮಾತಾಡುವುದು ಈ ಒಂದು ಪುಟ.

ನಕ್ಷೆ ಮತ್ತು ಗ್ರಾಫ್‌ಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನಿಮ್ಮ ಗ್ರಾಫ್‌ನಲ್ಲಿರುವ ಅಂಕಿಗಳನ್ನು ಓದಿಕೊಂಡು ಬೇರೊಬ್ಬರು ಹೊಸದಾಗಿ ಗ್ರಾಫ್ ರಚಿಸಿದರೆ ಸಾಮಾನ್ಯವಾಗಿ ಉಲ್ಲಂಘನೆಯಾಗದು. ಆಕರ ಹೇಳದಿದ್ದರೆ ಅದು ಸಂಶೋಧನ ನೀತಿಯ ಪ್ರಶ್ನೆಯಾಗುತ್ತದೆ, ಹಕ್ಕುಸ್ವಾಮ್ಯದ ಪ್ರಶ್ನೆಯಾಗುವುದಿಲ್ಲ. ಈ ಎರಡನ್ನೂ ಬೆರೆಸಿ ಬರೆದ ದೂರು ಎರಡೂ ಕಡೆ ಬಿದ್ದುಹೋಗುತ್ತದೆ.

4. ಅವರಿಗೆ ವಿನಾಯಿತಿ ಇದೆಯೇ ನೋಡಿ

ಅಮೆರಿಕದಲ್ಲಿ ಫೇರ್ ಯೂಸ್ ಎಂಬ ನ್ಯಾಯಸಮ್ಮತ ಬಳಕೆಯ ತತ್ವವಿದೆ. ಬಳಕೆಯ ಉದ್ದೇಶ, ಮೂಲಕೃತಿಯ ಸ್ವರೂಪ, ಬಳಸಿದ ಪ್ರಮಾಣ, ಮೂಲದ ಮಾರುಕಟ್ಟೆಯ ಮೇಲಾಗುವ ಪರಿಣಾಮ ಈ ನಾಲ್ಕನ್ನೂ ಒಟ್ಟಾಗಿ ತೂಗಿ ನ್ಯಾಯಾಲಯ ತೀರ್ಮಾನಿಸುತ್ತದೆ. ಬ್ರಿಟನ್, ಭಾರತ ಮುಂತಾದ ದೇಶಗಳಲ್ಲಿರುವ ಫೇರ್ ಡೀಲಿಂಗ್ ಇದಕ್ಕಿಂತ ಇಕ್ಕಟ್ಟಾದದ್ದು. ಖಾಸಗಿ ಅಧ್ಯಯನ, ವಿಮರ್ಶೆ, ವರದಿಯಂತಹ ಹೆಸರಿಸಿದ ಉದ್ದೇಶಗಳಿಗೆ ಮಾತ್ರ ಅದು ಅನ್ವಯಿಸುತ್ತದೆ. ನಿಮ್ಮ ಚಿತ್ರದಲ್ಲಿ ರೆಕ್ಕೆಯ ನರಗಳು ತಪ್ಪಾಗಿವೆ ಎಂದು ತೋರಿಸಲು ಯಾರಾದರೂ ಅದನ್ನು ಮುದ್ರಿಸಿ ಟೀಕಿಸಿದ್ದರೆ ಅದು ವಿಮರ್ಶೆಯೇ ಸರಿ. ಸಿಟ್ಟು ಬಂದರೂ ನುಂಗಿಕೊಳ್ಳಬೇಕು. ಅದೇ ಚಿತ್ರವನ್ನು ಮಾರಾಟದ ಪಠ್ಯಪುಸ್ತಕದ ಅಧ್ಯಾಯದ ಅಲಂಕಾರಕ್ಕೆ ಬಳಸಿದ್ದರೆ, ಶಿಕ್ಷಣಕ್ಕಾಗಿ ಬಳಸಿದೆವು ಎಂಬ ಸಮರ್ಥನೆ ಹೆಚ್ಚು ದೂರ ಹೋಗಲಾರದು, ಏಕೆಂದರೆ ಪಠ್ಯಪುಸ್ತಕವೇ ನಿಮ್ಮ ಚಿತ್ರದ ಮಾರುಕಟ್ಟೆ.

ಹೆಸರು ಹಾಕಿದ್ದೇವಲ್ಲ ಎಂಬುದು ಎಲ್ಲೆಡೆ ಕೇಳಿಬರುವ ಉತ್ತರ. ಹೆಸರು ಹಾಕುವುದು ಅನುಮತಿಯ ಬದಲಿಯಲ್ಲ. ಹಾಗೆಯೇ ಅಂತರ್ಜಾಲದಲ್ಲಿ ಸಿಕ್ಕಿತು, ಲಾಭಕ್ಕಾಗಿ ಬಳಸಿಲ್ಲ, ಶೇಕಡಾ ಇಷ್ಟು ಬದಲಿಸಿದ್ದೇವೆ ಎಂಬ ಮಾತುಗಳಿಗೂ ತಾವಾಗಿಯೇ ಬಲವಿಲ್ಲ. ಇಷ್ಟು ಶೇಕಡಾ ಬದಲಿಸಿದರೆ ಸಾಕು ಎಂಬ ನಿಯಮವೇ ಇಲ್ಲ.

ಸಾರ್ವಜನಿಕ ಸ್ವತ್ತಿನ ಪ್ರಶ್ನೆಯನ್ನೂ ಇಲ್ಲಿಯೇ ಮುಗಿಸಿಕೊಳ್ಳಿ. ಬರ್ನ್ ಒಪ್ಪಂದದ ಕನಿಷ್ಠ ಅವಧಿ ರಚನಕಾರರ ಮರಣಾನಂತರ 50 ವರ್ಷ. ಭಾರತದಲ್ಲಿ ಅದು 60, ಐರೋಪ್ಯ ಒಕ್ಕೂಟದಲ್ಲಿ 70. 1919ರಲ್ಲಿ ತೀರಿಕೊಂಡ ಜರ್ಮನ್ ಜೀವವಿಜ್ಞಾನಿ ಅರ್ನ್ಸ್ಟ್ ಹೆಕಲ್ ಅವರ ಕಡಲಜೀವಿಗಳ ಚಿತ್ರಗಳನ್ನು ಯಾರೂ ಬಳಸಬಹುದು. 1981ರಲ್ಲಿ ತೀರಿಕೊಂಡ ಝೆಕ್ ಚಿತ್ರಕಾರ ಝ್ಡೆನೆಕ್ ಬುರಿಯನ್ ಅವರ ಚಿತ್ರಗಳು ಎಷ್ಟೇ ಹಳೆಯವೆನಿಸಿದರೂ ಯುರೋಪಿನಲ್ಲಿ 2051ರ ಕೊನೆಯವರೆಗೆ ರಕ್ಷಿತವಾಗಿವೆ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕರ್ತವ್ಯದ ಭಾಗವಾಗಿ ರಚಿಸಿದ ಕೃತಿಗಳಿಗೆ ಅಲ್ಲಿ ಹಕ್ಕುಸ್ವಾಮ್ಯವೇ ಇಲ್ಲ. 2020ರಲ್ಲಿ ಅಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಅಲಿಸ್ಸಾ ಎಕರ್ಟ್ ಮತ್ತು ಡ್ಯಾನ್ ಹಿಗಿನ್ಸ್ ರಚಿಸಿದ, ಬೂದುಬಣ್ಣದ ಗೋಳದ ಮೇಲೆ ಕೆಂಪು ಮುಳ್ಳುಗಳಿರುವ ಕೊರೊನಾ ವೈರಸ್ಸಿನ ಚಿತ್ರ ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿ ತಡೆಯಿಲ್ಲದೆ ಅಚ್ಚಾಗಲು ಇದೂ ಒಂದು ಕಾರಣ. ನೀವು ಇಂತಹ ಚಿತ್ರವೊಂದನ್ನು ಆಧರಿಸಿ ನಿಮ್ಮದನ್ನು ಬಿಡಿಸಿದ್ದರೆ ನೀವು ಹೊಸದಾಗಿ ಸೇರಿಸಿದ ಭಾಗದ ಮೇಲೆ ಮಾತ್ರ ನಿಮ್ಮ ಹಕ್ಕು. ಹಳೆಯ ಚಿತ್ರವನ್ನು ಸ್ಕ್ಯಾನ್ ಮಾಡಿ ಶುಚಿಗೊಳಿಸಿದ್ದಕ್ಕೆ ಹಕ್ಕು ಹುಟ್ಟುವುದಿಲ್ಲ ಎಂದು 1999ರ ಬ್ರಿಜ್‌ಮನ್ ಪ್ರಕರಣದಿಂದ ಈಚೆಗೆ ಅಮೆರಿಕದಲ್ಲಿಯೂ 2019ರ ನಿರ್ದೇಶನದ ಬಳಿಕ ಐರೋಪ್ಯ ಒಕ್ಕೂಟದಲ್ಲಿಯೂ ಸಾಮಾನ್ಯವಾಗಿ ಒಪ್ಪಿಕೊಳ್ಳಲಾಗಿದೆ.

5. ನಿಮಗೆ ಬೇಕಾದುದೇನು ಎಂದು ತೀರ್ಮಾನಿಸಿ

ಚಿತ್ರ ತೆಗೆದರೆ ಸಾಕೇ, ಹೆಸರು ಸೇರಿಸಬೇಕೇ, ಶುಲ್ಕ ಬೇಕೇ, ತಿದ್ದುಪಡಿ ಪ್ರಕಟವಾಗಬೇಕೇ? ಮೊದಲ ಎರಡು ಬೇಡಿಕೆಗಳು ಒಂದು ಪತ್ರದಲ್ಲಿಯೇ ಮುಗಿಯಬಹುದು, ಶುಲ್ಕಕ್ಕೆ ಮಾತುಕತೆ ಬೇಕು. ಒಂದು ಎಚ್ಚರಿಕೆ: ಹಣ ಬೇಕೆಂದಿದ್ದರೆ ಮೊದಲು ಚಿತ್ರವನ್ನು ತೆಗೆಸಿಬಿಡಬೇಡಿ. ತೆಗೆದ ಮೇಲೆ ಎದುರಿನವರಿಗೆ ನಿಮ್ಮೊಡನೆ ಮಾತಾಡುವ ಆತುರ ಉಳಿಯುವುದಿಲ್ಲ.

ಹೆಸರು ಬಿಟ್ಟಿರುವುದು ಅಥವಾ ಚಿತ್ರವನ್ನು ವಿಕಾರಗೊಳಿಸಿರುವುದು ನಿಮ್ಮ ಮುಖ್ಯ ನೋವಾಗಿದ್ದರೆ ನೈತಿಕ ಹಕ್ಕುಗಳನ್ನು ನೆನೆಯಬೇಕು. ರಚನಕಾರರೆಂದು ಗುರುತಿಸಿಕೊಳ್ಳುವ ಮತ್ತು ಗೌರವಕ್ಕೆ ಕುಂದು ತರುವ ತಿರುಚುವಿಕೆಯನ್ನು ವಿರೋಧಿಸುವ ಈ ಹಕ್ಕುಗಳು 1928ರಲ್ಲಿ ಬರ್ನ್ ಒಪ್ಪಂದಕ್ಕೆ ಸೇರಿದವು. ಅನೇಕ ದೇಶಗಳಲ್ಲಿ ಆರ್ಥಿಕ ಹಕ್ಕನ್ನು ಮಾರಿದ ಮೇಲೂ ಇವು ರಚನಕಾರರಲ್ಲಿ ಉಳಿಯುತ್ತವೆ. ಅಮೆರಿಕದ 1990ರ ಕಾನೂನು ಮಾತ್ರ ನಕ್ಷೆ, ಭಿತ್ತಿಪತ್ರ, ತಾಂತ್ರಿಕ ರೇಖಾಚಿತ್ರ ಮತ್ತು ವಿವರಣಾ ಚಿತ್ರಗಳನ್ನು ಈ ರಕ್ಷಣೆಯಿಂದ ಹೆಸರಿಸಿಯೇ ಹೊರಗಿಟ್ಟಿದೆ. ಅಲ್ಲಿ ವಿಜ್ಞಾನ ಚಿತ್ರಕಾರರು ಈ ದಾರಿಯನ್ನು ನೆಚ್ಚುವಂತಿಲ್ಲ.

6. ಮೊದಲ ಪತ್ರ ಬರೆಯಿರಿ

ಮೊದಲ ಪತ್ರ ಚಿಕ್ಕದಾಗಿರಲಿ, ಸಭ್ಯವಾಗಿರಲಿ, ಸಂಗತಿಗಳಿಂದ ಕೂಡಿರಲಿ. ಬಳಸಿದವರಲ್ಲಿ ಅನೇಕರು ಮಧ್ಯವರ್ತಿಯೊಬ್ಬರಿಂದ ಚಿತ್ರ ಪಡೆದು, ಅದು ಸರಿಯಾದದ್ದೇ ಎಂದು ನಂಬಿದವರಾಗಿರುತ್ತಾರೆ. ಕಳ್ಳ ಎಂಬ ಪದ ಬೇಡ. ಆ ಪದ ಬಂದೊಡನೆ ಪತ್ರ ಸಂಪಾದಕರ ಮೇಜಿನಿಂದ ವಕೀಲರ ಮೇಜಿಗೆ ಹೋಗುತ್ತದೆ. ಹಣದ ಮೊತ್ತವನ್ನು ಹೇಳುವುದಾದರೆ ನೀವು ಇಂತಹ ಬಳಕೆಗೆ ಸಾಮಾನ್ಯವಾಗಿ ಪಡೆಯುವ ಶುಲ್ಕವನ್ನು ಆಧಾರವಾಗಿಟ್ಟುಕೊಳ್ಳಿ, ಹಳೆಯ ರಶೀದಿಯನ್ನು ಜೊತೆಗಿಡಿ. ಕ್ರಿಮಿನಲ್ ದೂರಿನ ಬೆದರಿಕೆ ಒಡ್ಡಿ ಹಣ ಕೇಳುವುದು ಕೆಲವು ದೇಶಗಳಲ್ಲಿ ಅಪರಾಧವೇ ಆಗಬಹುದು. ಪತ್ರದ ಒಡಲು ಹೀಗಿರಬಹುದು:

"ತಮ್ಮ ಪ್ರಕಟಣೆಯ ಇಂತಿಷ್ಟನೇ ಪುಟದಲ್ಲಿರುವ ಚಿತ್ರವು ನಾನು ರಚಿಸಿ ಇಂತಹ ದಿನಾಂಕದಂದು ಇಂಥಲ್ಲಿ ಪ್ರಕಟಿಸಿದ ಚಿತ್ರವಾಗಿದೆ. ಎರಡರ ಹೋಲಿಕೆಪಟ್ಟಿಯನ್ನು ಲಗತ್ತಿಸಿದ್ದೇನೆ. ಈ ಬಳಕೆಗೆ ನಾನು ಅನುಮತಿ ನೀಡಿದ ದಾಖಲೆ ನನ್ನಲ್ಲಿಲ್ಲ. ತಾವು ಬೇರೆ ಯಾರಿಂದಲಾದರೂ ಅನುಮತಿ ಪಡೆದಿದ್ದರೆ ಅದರ ಪ್ರತಿಯನ್ನು ಕಳುಹಿಸಿಕೊಡಬೇಕೆಂದು ಕೋರುತ್ತೇನೆ. ಇಲ್ಲವಾದಲ್ಲಿ ಹಿಂದಿನ ಬಳಕೆಗೆ ಸೂಕ್ತ ಪರವಾನಗಿ ಶುಲ್ಕವನ್ನೂ ಮುಂದಿನ ಮುದ್ರಣಗಳಲ್ಲಿ ನನ್ನ ಹೆಸರಿನ ಉಲ್ಲೇಖವನ್ನೂ ಕುರಿತು ಇಂತಹ ದಿನಾಂಕದೊಳಗೆ ಉತ್ತರಿಸಬೇಕಾಗಿ ವಿನಂತಿ. ಈ ಪತ್ರದಿಂದ ನನ್ನ ಯಾವುದೇ ಹಕ್ಕನ್ನು ನಾನು ಬಿಟ್ಟುಕೊಟ್ಟಂತೆ ಆಗುವುದಿಲ್ಲ."

ಅನುಮತಿಯ ಪ್ರತಿಯನ್ನು ಕೇಳುವ ಸಾಲನ್ನು ಬಿಡಬೇಡಿ. ನೀವೇ ಮರೆತ ಹಳೆಯ ಒಪ್ಪಂದವೊಂದು ಇದ್ದರೆ ಅದು ಈಗಲೇ ಹೊರಬರುವುದು ನಿಮಗೇ ಕ್ಷೇಮ. ದಿನಾಂಕ ಮೀರಿದರೆ ಒಂದು ಜ್ಞಾಪನ ಪತ್ರ ಸಾಕು.

7. ಜಾಲತಾಣವಾದರೆ ತೆಗೆಸುವ ನೋಟಿಸ್ ಕಳುಹಿಸಿ

ಉತ್ತರ ಬಾರದಿದ್ದರೆ ಅಥವಾ ಚಿತ್ರ ಏರಿಸಿದವರೇ ಸಿಗದಿದ್ದರೆ ಆ ಚಿತ್ರಕ್ಕೆ ಜಾಗ ಕೊಟ್ಟಿರುವ ವೇದಿಕೆಗೆ ಬರೆಯಬಹುದು. ಡಿಜಿಟಲ್ ಮಾಧ್ಯಮದ ಹಕ್ಕುಸ್ವಾಮ್ಯ ಕುರಿತ ಅಮೆರಿಕದ 1998ರ ಡಿಎಂಸಿಎ ಕಾಯ್ದೆಯಡಿ ನೋಟಿಸ್‌ನಲ್ಲಿ ಇರಬೇಕಾದವು ಇವು: ನಿಮ್ಮ ಸಹಿ, ಮೂಲಕೃತಿಯ ಗುರುತು, ನಕಲಿರುವ ನಿಖರ ವಿಳಾಸ, ನಿಮ್ಮ ಸಂಪರ್ಕ ವಿವರ, ಬಳಕೆಗೆ ಅನುಮತಿಯಿಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇನೆ ಎಂಬ ಹೇಳಿಕೆ, ಮತ್ತು ಮಾಹಿತಿ ಸರಿಯಾಗಿದೆಯೆಂದೂ, ಹಕ್ಕುದಾರರ ಪರವಾಗಿ ದೂರು ಕೊಡುವ ಅಧಿಕಾರ ತನಗಿದೆಯೆಂದು ಸುಳ್ಳುಸಾಕ್ಷ್ಯದ ಹೊಣೆಗೆ ಒಳಪಟ್ಟು ಹೇಳುತ್ತಿದ್ದೇನೆಂದೂ ತಿಳಿಸುವ ಹೇಳಿಕೆ. ದೊಡ್ಡ ವೇದಿಕೆಗಳಲ್ಲಿ ಇದಕ್ಕೆ ಸಿದ್ಧ ನಮೂನೆಗಳಿವೆ. ಐರೋಪ್ಯ ಒಕ್ಕೂಟದಲ್ಲಿ 2022ರ ಡಿಜಿಟಲ್ ಸೇವೆಗಳ ಕಾಯ್ದೆ ಇದೇ ಬಗೆಯ ದೂರಿನ ವ್ಯವಸ್ಥೆಯನ್ನು ಕಡ್ಡಾಯ ಮಾಡಿದೆ.

ನಿಮ್ಮ ಹೆಸರು ಮತ್ತು ಸಂಪರ್ಕ ವಿವರ ಚಿತ್ರ ಏರಿಸಿದವರಿಗೆ ತಲುಪುವ ಸಾಧ್ಯತೆ ಇದೆ, ನೋಟಿಸ್ ಲುಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೂ ಸೇರಬಹುದು; ಮನೆಯ ವಿಳಾಸದ ಬದಲು ಕೆಲಸದ ವಿಳಾಸ ಕೊಡುವುದು ಲೇಸು. ನಾಲ್ಕನೇ ಹಂತವನ್ನು ಬಿಟ್ಟು ನೋಟಿಸ್ ಕಳುಹಿಸುವುದೂ ಅಪಾಯಕಾರಿ. ನೋಟಿಸ್ ಕಳುಹಿಸುವ ಮೊದಲು ಫೇರ್ ಯೂಸ್ ಇದೆಯೇ ಎಂದು ಯೋಚಿಸಲೇಬೇಕು ಎಂದು 2015ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಹೇಳಿದೆ. ತಿಳಿದೂ ಸುಳ್ಳು ನೋಟಿಸ್ ಕೊಟ್ಟವರು ನಷ್ಟ ತುಂಬಿಕೊಡಬೇಕಾಗುತ್ತದೆ. ಎದುರಿನವರು ಪ್ರತಿನೋಟಿಸ್ ಕೊಟ್ಟರೆ, ನೀವು ದಾವೆ ಹೂಡದಿದ್ದಲ್ಲಿ, 10ರಿಂದ 14 ಕೆಲಸದ ದಿನಗಳೊಳಗೆ ಚಿತ್ರ ಮತ್ತೆ ಮೇಲೇರುತ್ತದೆ.

8. ಜರ್ನಲ್‌ನಲ್ಲಿ ಬಂದಿದ್ದರೆ ಸಂಪಾದಕರಿಗೆ ಬರೆಯಿರಿ

ಇಲ್ಲಿ ಡಿಎಂಸಿಎ ನೋಟಿಸ್‌ಗಿಂತ ಸಂಪಾದಕರಿಗೆ ಬರೆದ ಪತ್ರ ಹೆಚ್ಚು ಫಲ ಕೊಡುತ್ತದೆ. ಲೇಖಕರಿಗೂ ಸಂಪಾದಕರಿಗೂ ಒಟ್ಟಿಗೆ ಬರೆದು, ಹೋಲಿಕೆಪಟ್ಟಿಯನ್ನು ಲಗತ್ತಿಸಿ, ತಿದ್ದುಪಡಿ ಸೂಚನೆಯನ್ನು ಕೋರಿ. ಪ್ರಕಟಣೆಯ ನೀತಿ ಕುರಿತ ಕೋಪ್ ಸಂಸ್ಥೆಯ ಸದಸ್ಯತ್ವ ಹೊಂದಿರುವ ಜರ್ನಲ್‌ಗಳು ಇಂತಹ ದೂರುಗಳನ್ನು ವಿಚಾರಿಸಲು ಕ್ರಮವೊಂದನ್ನು ಇಟ್ಟುಕೊಂಡಿರಬೇಕು. ನಿಮ್ಮ ಚಿತ್ರವನ್ನು ತಪ್ಪಾಗಿ ಸಿಸಿ ಪರವಾನಗಿಯಡಿ ಪ್ರಕಟಿಸಿದ್ದರೆ ಇದಕ್ಕೆ ತುರ್ತು ಹೆಚ್ಚು, ಏಕೆಂದರೆ ಆ ಗುರುತನ್ನು ನಂಬಿ ಇತರರು ಪ್ರತಿದಿನವೂ ನಕಲು ಮಾಡಿಕೊಳ್ಳುತ್ತಿರುತ್ತಾರೆ. ಸಿಸಿ ಪರವಾನಗಿಯಡಿ ನೀವೇ ಕೊಟ್ಟ ಚಿತ್ರಕ್ಕೆ ಯಾರಾದರೂ ಹೆಸರು ಹಾಕದಿದ್ದಲ್ಲಿ, ಪರವಾನಗಿಯ 4.0 ಆವೃತ್ತಿಯ ಪ್ರಕಾರ, ತಪ್ಪು ತಿಳಿದ 30 ದಿನಗಳೊಳಗೆ ಸರಿಪಡಿಸಿಕೊಂಡರೆ ಅದರಿಂದ ರದ್ದಾದ ಅವರ ಅನುಮತಿ ತಾನಾಗಿ ಮರಳುತ್ತದೆ ಎಂಬುದೂ ನೆನಪಿರಲಿ.

9. ನ್ಯಾಯಾಲಯಕ್ಕೆ ಹೋಗುವ ಮೊದಲು

ಕಾಲಮಿತಿಯನ್ನು ಮೊದಲು ನೋಡಿ: ಅಮೆರಿಕದಲ್ಲಿಯೂ ಭಾರತದಲ್ಲಿಯೂ ಮೂರು ವರ್ಷ, ಇಂಗ್ಲೆಂಡಿನಲ್ಲಿ ಆರು ವರ್ಷ. ಹಕ್ಕು ಹುಟ್ಟಲು ನೋಂದಣಿ ಬೇಡವಾದರೂ ಅಮೆರಿಕದ ಕೃತಿಗಳಿಗೆ ಅಲ್ಲಿ ದಾವೆ ಹೂಡಲು ನೋಂದಣಿ ಆಗಿರಲೇಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿತು. ಹೊರದೇಶದ ಕೃತಿಗಳಿಗೆ ಈ ಷರತ್ತಿಲ್ಲ, ಆದರೆ ಕಾನೂನೇ ನಿಗದಿಪಡಿಸಿದ ಪರಿಹಾರ ಬೇಕಾದರೆ ಅವುಗಳಿಗೂ ನೋಂದಣಿ ಬೇಕು, ಅದೂ ಉಲ್ಲಂಘನೆಗೆ ಮೊದಲು ಅಥವಾ ಪ್ರಕಟಣೆಯಾದ ಮೂರು ತಿಂಗಳೊಳಗೆ. ಆ ಪರಿಹಾರ ಒಂದು ಕೃತಿಗೆ ಸಾಮಾನ್ಯವಾಗಿ 750ರಿಂದ 30,000 ಡಾಲರ್, ಉದ್ದೇಶಪೂರ್ವಕ ಉಲ್ಲಂಘನೆಗೆ 1,50,000 ಡಾಲರ್‌ವರೆಗೆ. ನೋಂದಣಿ ಇಲ್ಲದಿದ್ದರೆ ನಿಜವಾಗಿ ಆದ ನಷ್ಟವನ್ನು ಮತ್ತು ಎದುರಿನವರು ಗಳಿಸಿದ ಲಾಭವನ್ನು ಸಾಬೀತುಮಾಡಬೇಕು. ಒಂದು ಕೀಟದ ಚಿತ್ರಕ್ಕೆ ಆ ಮೊತ್ತ ವಕೀಲರ ಶುಲ್ಕವನ್ನೂ ಮುಟ್ಟದಿರಬಹುದು.

ಸಣ್ಣ ಮೊತ್ತಗಳಿಗೆ ಹಗುರವಾದ ದಾರಿಗಳೂ ಇವೆ. ಅಮೆರಿಕದಲ್ಲಿ 2022ರಿಂದ ಕೆಲಸ ಮಾಡುತ್ತಿರುವ ಕಾಪಿರೈಟ್ ಕ್ಲೇಮ್ಸ್ ಬೋರ್ಡ್ 30,000 ಡಾಲರ್‌ವರೆಗಿನ ತಕರಾರುಗಳನ್ನು ವಕೀಲರಿಲ್ಲದೆಯೂ ಕೇಳುತ್ತದೆ. ಆದರೆ ಎದುರಿನವರು 60 ದಿನಗಳೊಳಗೆ ಇದರಿಂದ ಹೊರಗುಳಿಯುತ್ತೇವೆಂದು ಹೇಳಿದರೆ ಅಲ್ಲಿಗೆ ಮುಗಿಯಿತು. ಇಂಗ್ಲೆಂಡಿನಲ್ಲಿ ಬೌದ್ಧಿಕ ಸ್ವತ್ತಿನ ನ್ಯಾಯಾಲಯದ ಸಣ್ಣ ದಾವೆಗಳ ವಿಭಾಗ 10,000 ಪೌಂಡ್‌ವರೆಗಿನ ದಾವೆಗಳನ್ನು ಕೇಳುತ್ತದೆ. ಉಲ್ಲಂಘನೆ ಒಂದು ದೇಶದಲ್ಲಿ, ನೀವು ಇನ್ನೊಂದರಲ್ಲಿ ಇದ್ದರೆ ಸಾಮಾನ್ಯವಾಗಿ ಉಲ್ಲಂಘನೆ ನಡೆದ ದೇಶದ ಕಾನೂನೇ ಅನ್ವಯವಾಗುವುದರಿಂದ, ಈ ಹಂತದಲ್ಲಿ ಆ ದೇಶದ ವಕೀಲರೊಬ್ಬರ ಸಲಹೆಗೆ ಹಣ ಕೊಡುವುದು ವ್ಯರ್ಥವಲ್ಲ. ಅವರ ಮುಂದೆ ನಿಮ್ಮ ಹೋಲಿಕೆಪಟ್ಟಿಯನ್ನೂ ಒಪ್ಪಂದಗಳನ್ನೂ ಇಟ್ಟರೆ ಅವರ ಸಮಯವೂ ನಿಮ್ಮ ಖರ್ಚೂ ಕಡಿಮೆಯಾಗುತ್ತದೆ.

10. ರಾಜಿಯಾದರೆ ಬರಹದಲ್ಲಿ ಮಾಡಿಕೊಳ್ಳಿ

ಹೆಚ್ಚಿನ ತಕರಾರುಗಳು ಮುಗಿಯಬೇಕಾದುದು ರಾಜಿಯಲ್ಲಿಯೇ. ಹಿಂದಿನ ಬಳಕೆಗೆ ಕೊಡುವ ಪರವಾನಗಿ ಯಾವ ಮುದ್ರಣಗಳಿಗೆ, ಎಷ್ಟು ಪ್ರತಿಗಳಿಗೆ, ಯಾವ ಭಾಷೆಗಳಿಗೆ, ಎಷ್ಟು ಕಾಲಕ್ಕೆ ಎಂಬುದನ್ನು ಬಿಡಿಸಿ ಬರೆಯಿರಿ. ಮುದ್ರಣಕ್ಕೆ ಮಾತ್ರವೋ ಇ-ಪುಸ್ತಕಕ್ಕೂ ಸೇರಿಯೋ, ಅನುವಾದಗಳು ಒಳಗೋ ಹೊರಗೋ, ಚಿತ್ರವನ್ನು ತಿದ್ದಬಹುದೇ, ಮೂರನೆಯವರಿಗೆ ಕೊಡಬಹುದೇ, ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸಬಹುದೇ ಎಂಬ ಪ್ರಶ್ನೆಗಳಿಗೆ ಒಂದೊಂದು ಸಾಲಿನ ಉತ್ತರವಾದರೂ ಇರಲಿ. ಹೆಸರಿನ ಉಲ್ಲೇಖ ಹೇಗಿರಬೇಕೆಂದು ಅಕ್ಷರಶಃ ಬರೆದುಕೊಡಿ, ಅದು ಚಿತ್ರದ ಅಡಿಯಲ್ಲೋ ಪುಸ್ತಕದ ಕೊನೆಯಲ್ಲೋ ಎಂಬುದನ್ನೂ ಸೇರಿಸಿ. ಹಕ್ಕಿನ ವರ್ಗಾವಣೆ ಎಂಬ ಪದ ಒಪ್ಪಂದದಲ್ಲಿ ಎಲ್ಲಿಯಾದರೂ ನುಸುಳಿದ್ದರೆ ಹೊಡೆದುಹಾಕಿಸಿ. ಗೋಪ್ಯತೆಯ ಷರತ್ತು ಹಾಕಿದರೆ, ಇದೇ ಚಿತ್ರವನ್ನು ಬಳಸಿದ ಬೇರೆಯವರ ವಿರುದ್ಧ ಈ ರಾಜಿಯ ಮೊತ್ತವನ್ನು ನಿದರ್ಶನವಾಗಿ ತೋರಿಸಲು ನಿಮಗೆ ಸಾಧ್ಯವಾಗದು ಎಂಬುದನ್ನು ತಿಳಿದುಕೊಂಡೇ ಒಪ್ಪಿ. ಸಹಿಯಾದ ಪ್ರತಿ ಕೈಸೇರಿ, ಹಣ ಖಾತೆಗೆ ಬಂದ ಮೇಲೆ ಮಾತ್ರ ನೋಟಿಸ್ ಅಥವಾ ದೂರನ್ನು ಹಿಂತೆಗೆದುಕೊಳ್ಳಿ.